ಹತ್ತು ಗಂಟೆಗೆ ಬಿಚ್ಚುವ ಕೈ

"ಈ ಮನೇಲಿ ಇವತ್ತು ಒಲೆ ಹಚ್ಚೋ ಯೋಚನೆ ಯಾರಿಗಾದ್ರೂ ಇದೆಯಾ?"

ಮರುಳಸಿದ್ದಪ್ಪನವರು ಇದನ್ನು ಕೇಳಿದ್ದು ಯಾರನ್ನೂ ಅಲ್ಲ. ಸ್ನಾನ, ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ, ನಡುಮನೆಯ ಬೆಂಚಿನ ಮೇಲೆ ಕೂತು, ಎದುರಿಗಿದ್ದ ಸೊಸೈಟಿ ಕ್ಯಾಲೆಂಡರಿಗೆ ಕೇಳಿದ್ದರು. ಗಂಟೆ ಎಂಟಾಗಿತ್ತು. ಮಗ ರೇಣುಕಪ್ರಸಾದ್ ಕಣದಲ್ಲಿ ಕಾಫಿ ಹಣ್ಣು ಹರವಿಸುತ್ತಿದ್ದ. ಸೊಸೆ ಸುಧಾ ತನ್ನ ಮಗಳು ಚಂದನಾಳ ಜಡೆ ಹೆಣೆಯುತ್ತ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಒಳಗೆ ಹೋಗಿ ಮಾಡುವಂಥದ್ದೇನೂ ಇರಲಿಲ್ಲ. ಕ್ಯಾಲೆಂಡರಿಗೆ ಬಿದ್ದ ಪ್ರಶ್ನೆ ಯಾರ ಪಾಲಿನದು ಎಂದು ಅಷ್ಟೂ ಜನಕ್ಕೆ ಗೊತ್ತಿತ್ತು. ದೇವರ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದ ಸುಲೋಚನಮ್ಮನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಆಕೆ ಆರು ಗಂಟೆಯಿಂದ ಅಲ್ಲೇ ಕೂತಿದ್ದಳು. ಪೂಜೆ ಇನ್ನೂ ಶುರುವೇ ಆಗಿರಲಿಲ್ಲ. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ ತೆರೆದು, ಒಳಗಿನ ಇಷ್ಟಲಿಂಗವನ್ನು ಎಡಗೈಯ ಮೇಲಿಟ್ಟುಕೊಂಡು ಪೂಜಿಸಬೇಕು. ಮುಚ್ಚಳ ತೆಗೆಯಲು ಬಲಗೈ ಬೆರಳಿಗೆ ಬಲವಿಲ್ಲ. ಲಿಂಗ ಕೂರಿಸಲು ಎಡಗೈ ಅಗಲವಾಗುತ್ತಿಲ್ಲ. ಬೆರಳ ಗಿಣ್ಣುಗಳು ಊದಿಕೊಂಡು ಅಂಗೈ ಅರ್ಧ ಮುಚ್ಚಿಕೊಂಡೇ ಬೆಳಗಾಗುತ್ತಿತ್ತು. ಬಿಸಿನೀರಲ್ಲಿ ಅದ್ದಿ, ತೊಡೆಗೆ ಒತ್ತಿ, ಒಂದೊಂದೇ ಬೆರಳನ್ನು ಬಿಡಿಸುತ್ತ ಕೂತರೆ ಹತ್ತು ಗಂಟೆಯ ಹೊತ್ತಿಗೆ ಕೈ ಕೈಯಾಗುತ್ತಿತ್ತು. ಬೇರೆ ಕೆಲಸವಾದರೆ ಯಾರನ್ನಾದರೂ ಕರೆದು ಮಾಡಿಸಬಹುದು. ಒಬ್ಬರ ಇಷ್ಟಲಿಂಗವನ್ನು ಇನ್ನೊಬ್ಬರು, ಕಟ್ಟಿಕೊಂಡ ಗಂಡನೇ ಆಗಲಿ, ಮುಟ್ಟುವ ಹಾಗಿಲ್ಲ.

ಹಾಗೆಂದು ಆಕೆ ತನ್ನ ಪಾಡಿಗೆ ತಾನು ಹತ್ತರ ತನಕ ಕೂತಿರೋಣವೆಂದರೆ ಆ ಮನೆಯಲ್ಲಿ ಇನ್ನೊಂದು ಕಟ್ಟಳೆ ಇತ್ತು. ಮನೆಯ ಹಿರಿಯ ಹೆಂಗಸು ಲಿಂಗಪೂಜೆ ಮುಗಿಸಿ ಬಂದು ತನ್ನ ಕೈಯಾರೆ ಒಲೆ ಹಚ್ಚಬೇಕು. ಅಲ್ಲಿಯವರೆಗೆ ಹಾಲು ಕೂಡ ಕಾಯುವ ಹಾಗಿಲ್ಲ. ಮರುಳಸಿದ್ದಪ್ಪನವರ ತಾಯಿ ಮಾಡಿದ ಕಟ್ಟಳೆ. ಆಯಮ್ಮ ಹೋಗಿ ಇಪ್ಪತ್ತೆರಡು ವರ್ಷವಾದರೂ, ಬೆಂಕಿಪೊಟ್ಟಣದ ಜಾಗಕ್ಕೆ ಗ್ಯಾಸ್ ಲೈಟರು ಬಂದಿತ್ತೇ ಹೊರತು ಬೇರೇನೂ ಅಲ್ಲಾಡಿರಲಿಲ್ಲ. ಈಗ ಆ ಲೈಟರನ್ನು ಒತ್ತುವುದಕ್ಕೂ ಸುಲೋಚನಮ್ಮನ ಹೆಬ್ಬೆರಳು ಬರುತ್ತಿರಲಿಲ್ಲ.

"ಮಾವ, ನಂಗೆ ಒಂಬತ್ತಕ್ಕೆ ಸೊಸೈಟಿ ಬಾಗಿಲು ತೆಗೀಬೇಕು, ಚಂದೂ ಬಸ್ಸು ಎಂಟೂವರೆಗೆ," ಎಂದಳು ಸುಧಾ. "ನಾನೇ ಹಚ್ಚಿಬಿಡ್ತೀನಿ."

"ನಿಮ್ಮತ್ತೆ ಇದ್ದಾಳಲ್ಲಮ್ಮ ಇನ್ನೂ," ಎಂದರು ಅವರು.

ಸುಧಾ ಒಳಕ್ಕೆ ತಿರುಗಿದಳು. ಮಗಳ ಡಬ್ಬಿಗೆ ಬಿಸ್ಕತ್ತು ತುಂಬಿದ ಸದ್ದು ದೇವರ ಕೋಣೆಯವರೆಗೂ ಕೇಳಿತು. ಆ ಮನೆಯಲ್ಲಿ ಸಿಟ್ಟು ಬಂದವರು ಡಬ್ಬಿಯ ಮುಚ್ಚಳವನ್ನು ಸ್ವಲ್ಪ ಜೋರಾಗಿ ಹಾಕುತ್ತಿದ್ದರು.

ಹಾಸನದ ಡಾಕ್ಟರಮ್ಮ ಕಾಯಿಲೆಯ ಹೆಸರು ಹೇಳಿ ಆಗ ಮೂರು ದಿನವಾಗಿತ್ತು. ಗೌರಿಹಬ್ಬದ ಹೊತ್ತಿಗೆ ಶುರುವಾದ ನೋವು ಅದು. ಆಗಿನಿಂದ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ತೀರ್ಮಾನ. ಚಳಿಗೆ ಎಂದು ಮರುಳಸಿದ್ದಪ್ಪನವರು, ಹೋದ ವರ್ಷದ ಚಿಕುನ್‌ಗುನ್ಯದ ಉಳಿಕೆ ಎಂದು ಮಗ, ಮೊಬೈಲ್ ಹಿಡಿಯುವುದರಿಂದ ಎಂದು ಚಂದನಾ. ಅಜ್ಜಿ ದಿನಕ್ಕೆ ಹತ್ತು ನಿಮಿಷವೂ ಮೊಬೈಲ್ ಹಿಡಿಯುತ್ತಿರಲಿಲ್ಲ ಎಂಬುದು ಬೇರೆ ಮಾತು. ರಕ್ತದ ರಿಪೋರ್ಟು ನೋಡಿದ ಡಾಕ್ಟರಮ್ಮ, ಇದು ವಯಸ್ಸಿಗೆ ಸವೆಯುವ ಮಂಡಿಯ ನೋವಲ್ಲ, ರುಮಟಾಯ್ಡ್ ಎನ್ನುವ ಸಂಧಿವಾತ, ಮೈಯನ್ನು ಕಾಯಬೇಕಾದ ಶಕ್ತಿಯೇ ಕೀಲುಗಳ ಮೇಲೆ ತಿರುಗಿ ಬೀಳುತ್ತದೆ, ವಾಸಿಯಾಯಿತು ಎನ್ನುವುದಿಲ್ಲ, ಹತೋಟಿಯಲ್ಲಿಡಬಹುದು ಎಂದು ನಿಧಾನವಾಗಿ ಹೇಳಿದ್ದಳು. ವಾರಕ್ಕೊಂದೇ ದಿನ ನುಂಗುವ ಹಳದಿ ಮಾತ್ರೆ. ಅದರ ಗುಣ ಕಾಣಲು ಎರಡು ಮೂರು ತಿಂಗಳಾಗುತ್ತದೆ. ಅಲ್ಲಿಯವರೆಗೆ ತಡೆಯಲು ಸಣ್ಣ ಬಿಳಿ ಮಾತ್ರೆ. ಮೊದಲು ದಿನಕ್ಕೆರಡು, ಆಮೇಲೆ ಒಂದು, ಆಮೇಲೆ ಅರ್ಧ, ಆರನೇ ವಾರಕ್ಕೆ ನಿಲ್ಲಿಸಬೇಕು. ಬೆಳಿಗ್ಗೆ ತಿಂಡಿಯಾದ ಮೇಲೆ, ಖಾಲಿ ಹೊಟ್ಟೆಗೆ ಬೇಡವೇ ಬೇಡ.

ಇಲ್ಲಿಯೇ ಗಂಟು ಬಿದ್ದದ್ದು. ಮಾತ್ರೆಗೆ ಮುಂಚೆ ತಿಂಡಿಯಾಗಬೇಕು, ತಿಂಡಿಗೆ ಮುಂಚೆ ಒಲೆ ಹತ್ತಬೇಕು, ಒಲೆಗೆ ಮುಂಚೆ ಪೂಜೆಯಾಗಬೇಕು, ಪೂಜೆಗೆ ಮುಂಚೆ ಕೈ ಬಿಚ್ಚಬೇಕು.

"ಕೈ ಬಿಚ್ಚೋ ಮಾತ್ರೆ ನುಂಗಕ್ಕೆ ಮುಂಚೆ ಕೈ ಬಿಚ್ಚಿರಬೇಕು ಅಂದ್ರೆ ಹೆಂಗತ್ತೆ?" ಎಂದು ಸುಧಾ ಆ ದಿನ ಸಂಜೆ ಕೇಳಿದಳು.

ಸುಲೋಚನಮ್ಮನಿಗೆ ನಗು ಬಂತು. ನಗುವ ವಿಷಯವಲ್ಲ ಎಂದು ಸೊಸೆ ಇನ್ನಷ್ಟು ಸಿಡುಕಿದಳು.

ವಾರದ ಮಾತ್ರೆಗೆ ದಿನ ಗೊತ್ತುಮಾಡುವಾಗಲೂ ಹೀಗೇ. ಸೋಮವಾರ ಇರಲಿ, ಶಿವನ ವಾರ ಎಂದರು ಮರುಳಸಿದ್ದಪ್ಪನವರು. ಸೋಮವಾರ ಅತ್ತೆ ಒಪ್ಪೊತ್ತು, ಮಾತ್ರೆ ನುಂಗಿ ವಾಂತಿ ಮಾಡಿಕೊಂಡರೆ ನೋಡುವವರಾರು ಎಂದಳು ಸುಧಾ. ಶನಿವಾರ ಬೇಡ, ಸಂತೆಯ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ ಎಂದ ಮಗ. ನುಂಗಬೇಕಾದವಳನ್ನು ಯಾರೂ ಕೇಳಲಿಲ್ಲ. ಕೊನೆಗೆ ಗುರುವಾರ ಎಂದಾಯಿತು, ಯಾರಿಗೂ ಗುರುವಾರದ ಮೇಲೆ ತಕರಾರು ಇಲ್ಲದ್ದರಿಂದ.

ದಿನಾ ಪೂಜೆ, ತಿಂಡಿ ಮುಗಿದು ಹನ್ನೊಂದಕ್ಕೆ ನುಂಗಿದರೂ, ಬಿಳಿ ಮಾತ್ರೆ ಹೊಟ್ಟೆಗೆ ಬಿದ್ದ ಐದನೇ ದಿನ ಸುಲೋಚನಮ್ಮ ಎದ್ದಾಗ ಕೈ ಹಗುರವಾಗಿತ್ತು. ಆರು ಗಂಟೆಗೆ ಕರಡಿಗೆ ತೆರೆಯಿತು. ಅಂಗೈ ಅಗಲವಾಗಿ ನಿಂತಿತು. ಲಿಂಗವನ್ನು ಕೂರಿಸಿಕೊಂಡು, ನೀರೆರೆದು, ವಿಭೂತಿ ಹಚ್ಚಿ, ಪತ್ರೆಯ ಎಸಳಿಟ್ಟು ನೋಡಿದಳು; ಕಣ್ಣು ತುಂಬಿ ಬಂತು. ಹೊರಗೆ ಹಾಲಿನವನು ಸೈಕಲ್ ಬೆಲ್ ಹೊಡೆದ. ಬೇಗ ಬೇಗ ಮುಗಿಸಿ ಎದ್ದಳು.

ಮನೆಯೂ ಬೇಗ ಬೇಗ ಹಳೆಯ ದಾರಿಗೆ ಬಂತು. ಏಳೂವರೆಗೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಹಣ್ಣಿನ ಪಿಕಿಂಗ್‌ಗೆ ಬಂದ ಹೆಂಗಸರಿಗೆ ಹತ್ತಕ್ಕೆ ಕಾಫಿ. ಕಣದಲ್ಲಿ ಹಣ್ಣು ಮಗುಚುವುದು, ಕೊಟ್ಟಿಗೆಗೆ ಒಂದು ಕಣ್ಣು. ಎರಡು ತಿಂಗಳು ಅರ್ಧಂಬರ್ಧ ತಿಂದಿದ್ದ ಮರುಳಸಿದ್ದಪ್ಪನವರು ನಾಲ್ಕನೇ ರೊಟ್ಟಿಗೆ ಕೈ ಚಾಚಿ, "ಡಾಕ್ಟರಮ್ಮ ಗಟ್ಟಿಗಿತ್ತಿ," ಎಂದರು. ಗಂಡ ಇಷ್ಟು ಸಮಾಧಾನವಾಗಿ ಉಂಡದ್ದನ್ನು ನೋಡಿ ಸುಲೋಚನಮ್ಮನಿಗೂ ಸಂತೋಷವಾಗಿತ್ತು. ಸುಧಾ ಮಾತ್ರ ಅಡಿಗೆಮನೆಗೆ ಬಂದಾಗಲೆಲ್ಲ, ರೊಟ್ಟಿ ನಾನು ತಟ್ಟುತ್ತೇನೆ, ಬೆರಳಿಗೆ ಒತ್ತಡ ಬೇಡ ಎನ್ನುವಳು. ಅತ್ತೆ ಬಿಟ್ಟುಕೊಡುತ್ತಿರಲಿಲ್ಲ. ಸೊಸೆಯ ರೊಟ್ಟಿ ಅಂಚಿನಲ್ಲಿ ದಪ್ಪ.

ಡಾಕ್ಟರಮ್ಮನ ಚೀಟಿಯಲ್ಲಿದ್ದಂತೆ ಬಿಳಿ ಮಾತ್ರೆ ಎರಡಿದ್ದದ್ದು ಒಂದಾಯಿತು, ಒಂದು ಅರ್ಧವಾಯಿತು, ಡಿಸೆಂಬರಿನ ನಡುವೆ ನಿಂತಿತು. ನಿಂತ ನಾಲ್ಕನೇ ಬೆಳಿಗ್ಗೆ ಕೈ ಮತ್ತೆ ಮುಚ್ಚಿಕೊಂಡಿತ್ತು. ಹೊರಗೆ ಬೆಂಚಿನ ಮೇಲೆ ಗಂಡ ಎರಡು ಸಲ ಕೆಮ್ಮಿದ್ದು ಕೇಳಿತು. ಆಕೆ ಹಟ ಹಿಡಿದು, ಹಲ್ಲಿನಿಂದ ಕಚ್ಚಿ ಕರಡಿಗೆಯ ಮುಚ್ಚಳ ತೆಗೆದು, ಅರ್ಧ ಬಿಚ್ಚಿದ ಅಂಗೈಯ ಮೇಲೆ ಲಿಂಗವನ್ನು ಇಟ್ಟುಕೊಂಡಳು. ನೀರೆರೆಯುವಷ್ಟರಲ್ಲಿ ಅದು ಜಾರಿತು. ನೆಲಕ್ಕೆ ಬೀಳಲಿಲ್ಲ, ಮಡಿಲಲ್ಲಿದ್ದ ಸೆರಗಿಗೆ ಬಿತ್ತು. ಮೂವತ್ತಾರು ವರ್ಷದ ಹಿಂದೆ ಈ ಮನೆಗೆ ಬಂದವಳು. ಹೆರಿಗೆಯಾಗಲಿ ಜ್ವರವಾಗಲಿ, ಕೈತಪ್ಪಿದ್ದು ಇದೇ ಮೊದಲು. ಸೆರಗನ್ನು ಹಾಗೆಯೇ ಹಿಡಿದು ಕೂತಳು. ಯಾರಿಗೂ ಹೇಳಲಿಲ್ಲ.

ಗಂಡನಿಗೆ ಹೇಳಿದ್ದು ಇಷ್ಟೇ: ಬಿಳಿ ಮಾತ್ರೆ ಮುಗಿದಿದೆ, ಸಂತೆಗೆ ಹೋದಾಗ ತನ್ನಿ.

ಅವರು ಶನಿವಾರ ಹಳೆಯ ಚೀಟಿ ಜೇಬಿಗೆ ಹಾಕಿಕೊಂಡು ಪೇಟೆಗೆ ಹೋದರು. ಮೆಡಿಕಲ್ ಶಾಪಿನ ಕರಿಬಸಪ್ಪ ದೂರದ ನೆಂಟ. ಚೀಟಿಯ ಮೊದಲ ಸಾಲು ನೋಡಿ, ದಿನಕ್ಕೆರಡರಂತೆ ಲೆಕ್ಕ ಹಾಕಿ ಕಟ್ಟಿಕೊಟ್ಟ. ಕೆಳಗಿನ ಸಾಲುಗಳನ್ನು ಅವನೂ ನೋಡಲಿಲ್ಲ, ಇವರೂ ತೋರಿಸಲಿಲ್ಲ. ಆಮೇಲಿನ ಶನಿವಾರ, ಅದರ ಮುಂದಿನ ಶನಿವಾರ, ಸೊಪ್ಪು ತೆಂಗಿನಕಾಯಿಯ ಜೊತೆಗೆ ಅದೂ ಚೀಲದಲ್ಲಿ ಬಂತು. ಗಂಡ ಹೆಂಡತಿ ಇಬ್ಬರೂ ಈ ವಿಷಯ ಸುಧಾಳ ಮುಂದೆ ಎತ್ತಲಿಲ್ಲ. ಎತ್ತಬಾರದೆಂದು ಇಬ್ಬರೂ ಮಾತಾಡಿಕೊಂಡಿರಲಿಲ್ಲ. ಅದು ಹೇಗೋ ಹಾಗಾಯಿತು.

ಸಂಕ್ರಾಂತಿಗೆ ಎಳ್ಳು ಬೀರಲು ಬಂದವರೆಲ್ಲ ಸುಲೋಚನಮ್ಮ ತುಂಬಿಕೊಂಡಿದ್ದಾಳೆ, ಮುಖದಲ್ಲಿ ಕಳೆ ಬಂದಿದೆ ಎಂದರು. ಚಂದನಾ ಅಜ್ಜಿಯ ಕೆನ್ನೆ ಒತ್ತಿ ನೋಡಿ, ಪೂರಿ ಉಬ್ಬಿದ ಹಾಗಿದೆ ಎಂದಳು. ರಾತ್ರಿ ಊಟವಾದ ಮೇಲೂ ಅತ್ತೆ ತಣ್ಣನೆಯ ರೊಟ್ಟಿ ಹುಡುಕುವುದನ್ನು ನೋಡಿ ಸುಧಾಳಿಗೆ ಅನುಮಾನ ಬಂತು.

ಜನವರಿ ಕೊನೆಗೆ ರಕ್ತ ಪರೀಕ್ಷೆಗೆ ಹಾಸನಕ್ಕೆ ಹೋದಾಗ ಎಲ್ಲವೂ ಹೊರಬಿತ್ತು. ಸಕ್ಕರೆ ಏರಿತ್ತು, ಬಿ.ಪಿ. ಏರಿತ್ತು, ಪಾದ ಊದಿತ್ತು. ಡಾಕ್ಟರಮ್ಮ ಕನ್ನಡಕ ತೆಗೆದು, ಬಿಳಿ ಮಾತ್ರೆ ಯಾವಾಗ ನಿಲ್ಲಿಸಿದಿರಿ ಎಂದು ಕೇಳಿದಳು. ಸುಲೋಚನಮ್ಮ ತಲೆ ತಗ್ಗಿಸಿದಳು.

"ನಾನೇ ತಂದುಕೊಟ್ಟೆ," ಎಂದರು ಮರುಳಸಿದ್ದಪ್ಪನವರು. "ಚೀಟಿ ನಿಮ್ಮದೇ."

ಡಾಕ್ಟರಮ್ಮ ಅದೇ ಚೀಟಿ ಇಸಿದುಕೊಂಡು ಕೆಳಗಿನ ನಾಲ್ಕು ಸಾಲುಗಳನ್ನು ಗಟ್ಟಿಯಾಗಿ ಓದಿಸಿದಳು. ಅರವತ್ತೆಂಟು ವರ್ಷದ ಮರುಳಸಿದ್ದಪ್ಪನವರು ಶಾಲೆಯ ಹುಡುಗನಂತೆ ಓದಿದರು. ಒಮ್ಮೆಲೇ ನಿಲ್ಲಿಸಿದರೂ ಅಪಾಯ, ಮತ್ತೆ ವಾರ ವಾರಕ್ಕೆ ಇಳಿಸಬೇಕು, ಇಳಿಸುವಾಗ ನೋವು ಬರುತ್ತದೆ, ತಡೆದುಕೊಳ್ಳಬೇಕು. ಹಳದಿ ಮಾತ್ರೆ ಈಗ ತಾನೇ ಕೆಲಸಕ್ಕಿಳಿದಿದೆ, ಅದಕ್ಕೆ ಸಮಯ ಕೊಡಿ ಎಂದು ಆಕೆ ಹೊಸ ಚೀಟಿ ಬರೆದಳು. ಹಳೆಯದನ್ನು ಹರಿದು ಬುಟ್ಟಿಗೆ ಹಾಕಿದಳು.

ವಾಪಸು ಬರುವಾಗ ಕಾರು ಯಸಳೂರು ದಾಟಿತ್ತು. ರೇಣುಕಪ್ರಸಾದ್ ರಸ್ತೆಯನ್ನೇ ನೋಡುತ್ತಿದ್ದ. ಜಗಳವಾದಾಗ ಅವನು ಸ್ಟೇರಿಂಗ್ ಹಿಡಿದಿದ್ದರೆ ಅದೇ ಅವನಿಗೆ ದೊಡ್ಡ ಅನುಕೂಲ.

"ಮಾವ, ಒಂದು ಮಾತು ನಂಗೆ ಹೇಳಬಹುದಿತ್ತು," ಎಂದಳು ಸುಧಾ ಹಿಂದಿನ ಸೀಟಿನಿಂದ.

"ನಿಂಗೆ ಹೇಳಿದ್ರೆ ತರಕ್ಕೆ ಬಿಡ್ತಿದ್ಯಾ?"

"ಬಿಡ್ತಿರಲಿಲ್ಲ."

"ಮತ್ತೆ?"

"ನಿಮ್ಮ ಏಳೂವರೆ ರೊಟ್ಟಿಗೆ ಅತ್ತೆ ಮೈಗೆಲ್ಲ ಸಕ್ಕರೆ ಬಂತು. ಅಷ್ಟೇ ಮತ್ತೆ."

"ರೊಟ್ಟಿಗೆ ಅಂತ ತಂದೆನೇನಮ್ಮ ನಾನು? ಅವಳೇ ಕೇಳಿದ್ಲು. ಪೂಜೆ ಆಗಲ್ಲ ಅಂತ ಅಳೋಳು."

"ಅಳಲಿಲ್ಲ ನಾನು," ಎಂದಳು ಸುಲೋಚನಮ್ಮ. ಇಬ್ಬರೂ ತಿರುಗಿದರು. "ಕೈಯಿಂದ ಜಾರಿತ್ತು. ಮಡಿಲಿಗೆ ಬಿತ್ತು. ಅದಕ್ಕೇ ಕೇಳಿದೆ."

ಏನು ಜಾರಿತು ಎಂದು ಯಾರೂ ಕೇಳಲಿಲ್ಲ. ಮರುಳಸಿದ್ದಪ್ಪನವರ ಕೈ ತಾನಾಗಿ ಎದೆಯ ಮೇಲಿನ ಕರಡಿಗೆಗೆ ಹೋಯಿತು. ನನಗಾದರೂ ಹೇಳಬೇಡವಾ ಎಂದರು, ಕಿಟಕಿಯ ಕಡೆ ತಿರುಗಿ.

ಫೆಬ್ರವರಿ ತಿಂಗಳು ಕೆಟ್ಟದಾಗಿತ್ತು. ಮಾತ್ರೆ ಇಳಿದಂತೆ ನೋವು ಏರಿತು. ಭುಜ, ಮಣಿಕಟ್ಟು, ಕಾಲ ಬೆರಳು, ಸರದಿಯ ಪ್ರಕಾರ. ಹೊದಿಕೆ ಎಳೆದುಕೊಳ್ಳಲೂ ಸೊಸೆಯನ್ನು ಕೂಗಬೇಕಾಯಿತು. ಒಂದು ಬೆಳಿಗ್ಗೆ ಆರೂವರೆಗೆ ಅಡಿಗೆಮನೆಯಿಂದ ಲೈಟರಿನ ಸದ್ದು ಬಂತು. ಸುಧಾ ಯಾರನ್ನೂ ಕೇಳದೆ ತನ್ನ ಲಿಂಗಪೂಜೆ ಮುಗಿಸಿ ಒಲೆ ಹಚ್ಚಿದ್ದಳು. ಮಲಗಿದ್ದಲ್ಲೇ ಸುಲೋಚನಮ್ಮ ತಲೆ ಎತ್ತಿದಳು. ನಡುಮನೆಯಲ್ಲಿ ಏನು ಮಾತು ಹೊರಡುವುದೋ ಎಂದು ಕಿವಿ ಕೊಟ್ಟಳು. ಮರುಳಸಿದ್ದಪ್ಪನವರು ಊರುಗೋಲು ತೆಗೆದುಕೊಂಡು ತೋಟಕ್ಕೆ ಹೋದರು. ಎರಡು ದಿನ ಮನೆಯ ತಿಂಡಿ ಮುಟ್ಟದೆ ಬಾಳೆಹಣ್ಣು ತಿಂದರು. ಮೂರನೆಯ ದಿನ ಸುಧಾ ತಟ್ಟೆಯನ್ನು ಬೆಂಚಿನ ಮೇಲಿಟ್ಟು, ಬೇಡವಾದರೆ ನಾಯಿಗೆ ಹಾಕಿ ಮಾವ, ನನಗೆ ಹೊತ್ತಾಯಿತು ಎಂದು ಹೇಳಿ ಸ್ಕೂಟರ್ ಹತ್ತಿ ಹೋದಳು. ನಾಯಿಗೆ ಹಾಕಲಿಲ್ಲ. ಸಂಜೆ, ರೊಟ್ಟಿ ಅಂಚಿನಲ್ಲಿ ದಪ್ಪವಾಗುತ್ತದೆ ಎಂದು ಮಾತ್ರ ಹೇಳಿದರು. ತೆಳ್ಳಗೆ ಬೇಕಾದವರು ಬಂದು ತಟ್ಟಬಹುದು ಎಂದಳು ಸೊಸೆ. ಮಾರನೆಯ ದಿನ ರೇಣುಕಪ್ರಸಾದ್ ನಿಜವಾಗಿಯೂ ಬಂದು ತಟ್ಟಿದ. ಅದು ಇನ್ನೂ ದಪ್ಪವಾಯಿತು.

ಹೀಗೆ ಒಂಬತ್ತು ಗಂಟೆಗೆ ಎಲ್ಲರೂ ಹೊರಟುಹೋದ ಮೇಲೆ ಸುಲೋಚನಮ್ಮ ಎದ್ದು, ನಿಧಾನವಾಗಿ ಸ್ನಾನ ಮಾಡಿ, ಬಿಸಿನೀರಿನ ಬೋಗುಣಿಯಲ್ಲಿ ಕೈ ಇಳಿಬಿಟ್ಟು ಕೂರುತ್ತಿದ್ದಳು. ಮನೆಯಲ್ಲಿ ಸದ್ದಿರುತ್ತಿರಲಿಲ್ಲ. ಹತ್ತರ ಸುಮಾರಿಗೆ ಬೆರಳು ಒಂದೊಂದಾಗಿ ಸಡಿಲಾಗುತ್ತಿದ್ದವು. ಮಡಿಲಲ್ಲಿ ನಾಲ್ಕು ಪದರದ ಬಟ್ಟೆ ಹಾಸಿಕೊಂಡು, ಕರಡಿಗೆ ತೆರೆದು, ಲಿಂಗವನ್ನು ಅಂಗೈಗೆ ತಂದುಕೊಳ್ಳುವಳು.

ಮೊದಲ ದಿನಗಳಲ್ಲಿ ಏನೋ ಮರೆತಂತೆ ಮೈ ಚಡಪಡಿಸಿತು. ನಾಲ್ಕೈದು ದಿನವಾದ ಮೇಲೆ ಅದೇನೆಂದು ಹೊಳೆಯಿತು. ಒಲೆಗೆ ಹೊತ್ತಾಯಿತೋ ಎಂದು ಮನಸ್ಸು ಅಡಿಗೆಮನೆಯ ಕಡೆ ಇಲ್ಲ. ಬೆಂಚಿನ ಮೇಲೆ ಕೆಮ್ಮುವವರಿಲ್ಲ. ಸ್ಕೂಲಿನ ಬಸ್ಸಿಲ್ಲ. ಚಿಕ್ಕಂದಿನಲ್ಲಿ ಅಜ್ಜನ ಪಕ್ಕ ಕೂತು ಕೇಳಿ ಕೇಳಿ ಬಾಯಿಗೆ ಬಂದಿದ್ದ ಶರಣರ ಮಾತುಗಳನ್ನು ಆಕೆ ಇಷ್ಟು ವರ್ಷ ಮೊದಲೆರಡು ಸಾಲು ಹೇಳಿ ಎದ್ದುಬಿಡುತ್ತಿದ್ದಳು. ಈಗ ಕೊನೆಯ ಸಾಲಿನವರೆಗೂ ಹೇಳಿದಳು. ಒಂದು ಮುಗಿದ ಮೇಲೆ ಇನ್ನೊಂದು ನೆನಪಾಯಿತು. ಕಣ್ಣು ಎತ್ತಿ ನೋಡಿದರೆ ಹನ್ನೊಂದು ದಾಟಿತ್ತು. ನೋವು ಎಲ್ಲಿಗೂ ಹೋಗಿರಲಿಲ್ಲ, ಪಕ್ಕದಲ್ಲೇ ಇತ್ತು. ಆದರೆ ಯಾರೂ ಕಾಯುತ್ತಿರಲಿಲ್ಲ.

ಮಾರ್ಚಿ ಬಂತು. ಒಂದು ಮಳೆ ಬಿದ್ದು ಕಾಫಿ ಹೂವಾಯಿತು. ಬಿಳಿ ಮಾತ್ರೆ ಪೂರ್ತಿ ನಿಂತು, ಹಳದಿ ಮಾತ್ರೆ ಕೈ ಹಿಡಿಯತೊಡಗಿತ್ತು. ಹೊದಿಕೆ ತಾನೇ ಎಳೆದುಕೊಳ್ಳುವಳು, ಸಂಜೆ ಸೊಪ್ಪು ಬಿಡಿಸುವಳು. ಬೆಳಗಿನ ಬಿಗಿತ ಮಾತ್ರ ಇನ್ನೂ ಇತ್ತು.

ಆ ತಿಂಗಳ ಎರಡನೇ ಭಾನುವಾರ ಮರುಳಸಿದ್ದಪ್ಪನವರ ತಾಯಿಯ ಪುಣ್ಯಸ್ಮರಣೆ. ಮಠದ ಅಯ್ಯನವರು ಬೆಳಿಗ್ಗೆ ಎಂಟಕ್ಕೆ ಬರುತ್ತಾರೆ, ನೆಂಟರು ನಲವತ್ತು ಜನ. ಮನೆಯ ಹಿರಿ ಹೆಂಗಸು ಬೆಳಕು ಹರಿಯುವ ಮೊದಲೇ ಪೂಜೆ ಮುಗಿಸಿ ಆ ದಿನದ ಮೊದಲ ಎಡೆಯನ್ನು ಬೇಯಿಸಬೇಕೆಂಬುದು ರೂಢಿ. ಸುಧಾ ಹದಿನೈದು ದಿನ ಮೊದಲೇ ಅಡಿಗೆಗೆ ಇಬ್ಬರು ಹೆಂಗಸರನ್ನು ಗೊತ್ತುಮಾಡಿ, ಎಡೆ ನಾನೇ ಮಾಡುತ್ತೇನೆ, ಅತ್ತೆ ಹತ್ತಕ್ಕೆ ಪೂಜೆಗೆ ಕೂರಲಿ ಎಂದು ಎಲ್ಲರ ಎದುರಿಗೆ ಹೇಳಿದ್ದಳು. ಮಾವ ಆಗ ಬರೀ ತಲೆ ಆಡಿಸಿದ್ದರು.

ಶನಿವಾರ ಸಂಜೆ ಸುಲೋಚನಮ್ಮ ಜಗಲಿಯಲ್ಲಿ ಅವರೆಕಾಳು ಬಿಡಿಸುತ್ತಿದ್ದಳು. ಅವರು ಒಂದು ಲೋಟ ಬಿಸಿನೀರು ತಂದು ಪಕ್ಕದಲ್ಲಿಟ್ಟು ಕೂತರು. ಮೂವತ್ತಾರು ವರ್ಷದಲ್ಲಿ ಹೆಂಡತಿಗೆ ನೀರು ತಂದುಕೊಟ್ಟವರಲ್ಲ. ಆಮೇಲೆ ಜುಬ್ಬದ ಜೇಬಿನಿಂದ ಎರಡು ಬಿಳಿ ಮಾತ್ರೆ ತೆಗೆದು, ಅಂಗೈಯಲ್ಲಿಟ್ಟು ಮುಂದೆ ಹಿಡಿದರು.

"ಎಲ್ಲಿತ್ತು ಇದು?"

"ನಾಲ್ಕು ಉಳಿದಿದ್ವು. ಬಿಸಾಡಕ್ಕೆ ಮನಸ್ಸು ಬರಲಿಲ್ಲ."

ಆಕೆ ಕಾಳು ಬಿಡಿಸುತ್ತಲೇ ಇದ್ದಳು.

"ಈಗೆರಡು, ಬೆಳಗಿನ ಜಾವ ಎರಡು. ಒಂದೇ ದಿನ ಕಣೆ. ಅಮ್ಮನ ದಿನ. ಅಯ್ಯನೋರು ಕೇಳ್ತಾರೆ, ಯಜಮಾನಿ ಪೂಜೆ ಆಗಿಲ್ವಾ ಅಂತ. ನಲವತ್ತು ಜನದ ಎದುರಿಗೆ ಏನು ಹೇಳಲಿ? ಸೋಮವಾರದಿಂದ ನಿನ್ನ ಹತ್ತು ಗಂಟೆ ನಿಂಗೇ ಇರಲಿ. ನಾನು ಚಕಾರ ಎತ್ತಲ್ಲ."

ಅವರ ದನಿಯಲ್ಲಿ ಜೋರಿರಲಿಲ್ಲ. ಅದೇ ಕಷ್ಟವಾಯಿತು ಆಕೆಗೆ. ಜೋರು ಮಾಡಿದ್ದರೆ ಹಿಂದಿನಂತೆ ನುಂಗಿಬಿಡುತ್ತಿದ್ದಳೋ ಏನೋ. ನಾಳೆ ಬರುವ ನಾದಿನಿಯರ ಮುಖಗಳು, ಸತ್ತ ಅತ್ತೆಯ ಮುಖ, ಮುಂಜಾನೆ ಆರಕ್ಕೆ ಹಗುರವಾಗಿ ಬಿಚ್ಚುವ ಕೈ, ಎಲ್ಲವೂ ಒಂದು ಸಲ ಕಣ್ಣೆದುರು ಬಂದು ಹೋದವು. ಬಿಚ್ಚಿದ ಕೈಯಲ್ಲಿ ಲಿಂಗ ಭದ್ರವಾಗಿ ನಿಲ್ಲುತ್ತಿತ್ತು, ನಿಜ. ಎಷ್ಟು ಹೊತ್ತು? ಹೊರಗೆ ಯಾರಾದರೂ ಕೆಮ್ಮುವ ತನಕ.

"ಇಪ್ಪತ್ತೆರಡು ವರ್ಷ ನಾನು ಒಲೆಗೋಸ್ಕರ ಪೂಜೆ ಮಾಡಿದೀನಿ ಕಣ್ರೀ," ಎಂದಳು. "ಈಗೊಂದು ತಿಂಗಳಿಂದ ಪೂಜೆಗೋಸ್ಕರ ಮಾಡ್ತಿದೀನಿ."

"ಹಂಗಂದ್ರೆ?"

"ಹಂಗಂದ್ರೆ ಅಷ್ಟೇ. ಅಯ್ಯನೋರು ಕೇಳಿದ್ರೆ ಕಾಯಿಲೆ ಹೆಸರು ಹೇಳಿ. ಗೊತ್ತಿಲ್ದಿದ್ರೆ ಸುಧಾ ಹೇಳ್ತಾಳೆ."

"ಇಷ್ಟು ಕೇಳ್ಕೊಂಡ್ರೂ ನುಂಗಲ್ವಾ?"

ಸುಲೋಚನಮ್ಮ ಮೊರವನ್ನು ಪಕ್ಕಕ್ಕಿಟ್ಟು, ಅವರ ಅಂಗೈಯನ್ನು ತನ್ನ ಊದಿದ ಎರಡೂ ಕೈಗಳಿಂದ ಹಿಡಿದು, ಬೆರಳುಗಳನ್ನು ಮಾತ್ರೆಗಳ ಮೇಲೆ ಒಂದೊಂದಾಗಿ ಮಡಚಿದಳು.

"ಇಲ್ಲ. ನುಂಗಲ್ಲ," ಎಂದಳು.